ಊರನ್ನೇ ಹೆಸರಾಗಿಸಿಕೊಂಡವರು: ಬೆಂಗಳೂರು ನಾಗರತ್ನಮ್ಮನವರ ಬದುಕು ಮತ್ತು ವಸಾಹತು ನಗರ

1

ವಸಾಹತು ಕಾಲದ ನಗರಗಳ ಚರಿತ್ರೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಗವರ್ನರರು, ಕಮಿಷನರರು, ದಿವಾನರು, ಮಿಷನರಿಗಳು, ವಕೀಲರು, ಪತ್ರಿಕಾ ಸಂಪಾದಕರು ಇವರೆಲ್ಲರ ಹೆಸರುಗಳು ರಸ್ತೆ, ಉದ್ಯಾನ, ಮಾರುಕಟ್ಟೆ, ಕಾಲೇಜುಗಳ ಮೇಲೆ ಉಳಿದುಬಂದಿವೆ. ಅದೇ ನಗರಗಳಲ್ಲಿ ಹಾಡಿ, ಕುಣಿದು, ಮನೆ ಕೊಂಡು, ತೆರಿಗೆ ಕಟ್ಟಿ, ಕಾನೂನಿನ ಕಣ್ಣಿಗೆ ಬಿದ್ದು ಬದುಕಿದ ದೇವದಾಸಿ ಮನೆತನಗಳ ಹೆಣ್ಣುಮಕ್ಕಳ ಸಂಗತಿ ಬೇರೆ. ಅವರು ಸರ್ಕಾರಿ ಕಡತಗಳಲ್ಲಿ ಒಂದು ವರ್ಗವಾಗಿ, ಸುಧಾರಕರ ಭಾಷಣಗಳಲ್ಲಿ ಒಂದು ಸಮಸ್ಯೆಯಾಗಿ ಕಾಣಿಸಿಕೊಳ್ಳುತ್ತಾರೆಯೇ ಹೊರತು ವ್ಯಕ್ತಿಗಳಾಗಿ ಕಾಣಿಸಿಕೊಳ್ಳುವುದು ವಿರಳ. ಬೆಂಗಳೂರು ನಾಗರತ್ನಮ್ಮನವರು (1878-1952) ಈ ಮಾತಿಗೆ ಅಪವಾದವಾಗಿ ನಿಲ್ಲುತ್ತಾರೆ.

ಕರ್ನಾಟಕದಲ್ಲಿ ನಾಗರತ್ನಮ್ಮನವರನ್ನು ನೆನೆಯುವುದು ಹೆಚ್ಚಾಗಿ ತಿರುವೈಯಾರಿನ ಕಾರಣಕ್ಕೆ. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯನ್ನು ಉದ್ಧರಿಸಿ, ಅಲ್ಲಿ ಗುಡಿ ಕಟ್ಟಿಸಿದ ಭಕ್ತೆ ಎಂಬುದು ಅವರ ಬಗೆಗಿನ ಪ್ರಚಲಿತ ಚಿತ್ರ. ಈ ಚಿತ್ರ ಸುಳ್ಳಲ್ಲ, ಅಪೂರ್ಣ. ಆ ಕೆಲಸಕ್ಕೆ ಒಂದು ದಶಕ ಮೊದಲು ಅವರು ಹದಿನೆಂಟನೆಯ ಶತಮಾನದ ತೆಲುಗು ಕವಯಿತ್ರಿಯೊಬ್ಬಳ ಶೃಂಗಾರಕಾವ್ಯವನ್ನು ಹಸ್ತಪ್ರತಿಯ ಆಧಾರದಿಂದ ಪರಿಷ್ಕರಿಸಿ ಪ್ರಕಟಿಸಿದ್ದರು. ವಸಾಹತು ಸರ್ಕಾರ ಆ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಒಂದೆಡೆ ಶೃಂಗಾರಕಾವ್ಯದ ಸಂಪಾದಕಿ, ಇನ್ನೊಂದೆಡೆ ವಾಗ್ಗೇಯಕಾರನ ಭಕ್ತೆ. ಜೀವನ ಚರಿತ್ರೆಯನ್ನು ಬರೆದವರಲ್ಲಿ ಹಲವರು ಮೊದಲನೆಯದನ್ನು ಯೌವನದ ಸಾಹಸವೆಂದೂ ಎರಡನೆಯದನ್ನು ಮುಪ್ಪಿನ ಪಕ್ವತೆಯೆಂದೂ ಬಗೆದಿರುವುದುಂಟು. ಈ ಎರಡು ಕೆಲಸಗಳ ಹಿಂದೆ ಇರುವುದು ಒಂದೇ ಪ್ರಶ್ನೆ ಎಂಬುದು ಈ ಲೇಖನದ ನಿಲುವು. ವಿದ್ಯೆಯುಳ್ಳ ಹೆಣ್ಣು ತನ್ನ ಹೆಸರಿನಲ್ಲಿ, ತನ್ನ ದನಿಯಲ್ಲಿ ಸಾರ್ವಜನಿಕವಾಗಿ ನಿಲ್ಲಬಹುದೇ ಎಂಬುದು ಆ ಪ್ರಶ್ನೆ. ಅದನ್ನು ಕೇಳುವ ಅವಕಾಶವನ್ನು ಅವರಿಗೆ ಒದಗಿಸಿದ್ದು ವಸಾಹತು ನಗರ. ಆ ಅವಕಾಶವನ್ನು ಮೊಟಕುಗೊಳಿಸಿದ್ದೂ ಅದೇ ನಗರ.

2

ನಾಗರತ್ನಮ್ಮನವರು ಹುಟ್ಟಿದ್ದು 1878ರಲ್ಲಿ, ಕಪಿಲೆಯ ದಂಡೆಯ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ಸುಬ್ಬರಾಯರು ವಕೀಲರು. ತಂದೆಯ ಆಸರೆ ಬಹುಕಾಲ ಉಳಿಯಲಿಲ್ಲ. ಮಗುವನ್ನು ಕರೆದುಕೊಂಡು ತಾಯಿ ಮೈಸೂರಿಗೆ ಬಂದರು. ಅರಮನೆಯ ಆಶ್ರಯದಲ್ಲಿದ್ದ ಸಂಸ್ಕೃತ ವಿದ್ವಾಂಸರೊಬ್ಬರಲ್ಲಿ ಬಾಲಕಿಗೆ ಸಂಸ್ಕೃತ ಮತ್ತು ಸಂಗೀತದ ಪಾಠಗಳು ಮೊದಲಾದವು. ಐದನೆಯ ವಯಸ್ಸಿಗೇ ಕುಲದ ಪದ್ಧತಿಯಂತೆ ದೀಕ್ಷೆಯೂ ಆಯಿತು. ಆ ಸಂಬಂಧವೂ ಮುರಿದುಬಿದ್ದಾಗ ತಾಯಿ ಮಗಳು ಮೈಸೂರನ್ನು ಬಿಟ್ಟು, ಪಿಟೀಲು ವಾದಕರಾಗಿದ್ದ ಸೋದರಮಾವನ ಆಸರೆಗೆ ಸರಿದರು. ಅಲ್ಲಿಂದ ಮುಂದೆ ಬೆಂಗಳೂರು ಅವರ ಊರಾಯಿತು.

ಈ ಬಾಲ್ಯದಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಮೊದಲನೆಯದು, ಕುಲೀನ ಮನೆಗಳ ಹೆಣ್ಣುಮಕ್ಕಳಿಗೆ ಅಕ್ಷರವೇ ದುರ್ಲಭವಾಗಿದ್ದ ಕಾಲದಲ್ಲಿ ಈ ಹುಡುಗಿಗೆ ಸಂಸ್ಕೃತ, ಕನ್ನಡ, ತೆಲುಗು, ಮುಂದೆ ಇಂಗ್ಲಿಷಿನ ಪರಿಚಯವೂ ದೊರೆಯಿತು. ವಿದ್ಯೆ ಆಕೆಗೆ ಅಲಂಕಾರವಾಗಿರಲಿಲ್ಲ, ಜೀವನೋಪಾಯವಾಗಿತ್ತು. ಎರಡನೆಯದು, ಈ ವಿದ್ಯೆಯ ಬೆಲೆಯನ್ನು ತೆತ್ತದ್ದು ಐದು ವರ್ಷದ ಮಗು. ತನ್ನ ಬದುಕಿನ ದಾರಿಯನ್ನು ತಾನು ಆರಿಸಿಕೊಳ್ಳುವ ವಯಸ್ಸಿಗೆ ಮೊದಲೇ ಆ ದಾರಿ ನಿಶ್ಚಯವಾಗಿಬಿಟ್ಟಿತ್ತು. ದೇವದಾಸಿಯರ ಕಲಾಪರಂಪರೆಯನ್ನು ಕೊಂಡಾಡುವ ಬರಹಗಳು ಈ ಎರಡನೆಯ ಅಂಶವನ್ನು ಮರೆಯುವಂತಿಲ್ಲ. ಗೆಜ್ಜೆಪೂಜೆಯ ಪದ್ಧತಿಯನ್ನು ಖಂಡಿಸುವ ಬರಹಗಳು ಮೊದಲನೆಯದನ್ನು ಮರೆಯುವಂತಿಲ್ಲ.

ಬೆಂಗಳೂರಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಮುನುಸ್ವಾಮಪ್ಪನವರು. ಇವರು ವಾಲಾಜಾಪೇಟೆಯ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಕೃಷ್ಣಸ್ವಾಮಿ ಭಾಗವತರ ತಂದೆ ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಹೀಗೆ ನಾಗರತ್ನಮ್ಮನವರು ತ್ಯಾಗರಾಜ ಪರಂಪರೆಯ ನಾಲ್ಕನೆಯ ತಲೆಮಾರಿಗೆ ಸೇರಿದರು. ಸುಮಾರು ಹದಿನೈದನೆಯ ವಯಸ್ಸಿನಲ್ಲಿ ವಿದ್ವಾಂಸರ ಎದುರು ಅವರ ರಂಗಪ್ರವೇಶವಾಯಿತು. ಹಾಡುಗಾರಿಕೆ, ನೃತ್ಯ, ಹರಿಕಥೆ ಮೂರರಲ್ಲಿಯೂ ಹೆಸರು ಮಾಡಿದರು. ಮೈಸೂರು ಅರಮನೆಯಲ್ಲಿಯೂ ಮನ್ನಣೆ ದೊರೆಯಿತು. ತಾಯಿ ಅವಮಾನದಿಂದ ಬಿಟ್ಟುಬಂದಿದ್ದ ಊರಿಗೆ ಮಗಳು ವಿದುಷಿಯಾಗಿ ಹಿಂದಿರುಗಿದ್ದು ಸಣ್ಣ ಸಂಗತಿಯಲ್ಲ.

ಆ ಕಾಲದ ಬೆಂಗಳೂರು ಒಂದು ಊರಲ್ಲ, ಎರಡು. ಒಂದು ಹಳೆಯ ಪೇಟೆ, ಇನ್ನೊಂದು 1809ರಿಂದ ಬೆಳೆದ ದಂಡು ಪ್ರದೇಶ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಪೇಟೆಯ ವರ್ತಕರು, ಹೊಸ ಆಡಳಿತದ ಅಧಿಕಾರಿಗಳು, ನ್ಯಾಯಾಲಯದ ವಕೀಲರು ಇವರು ಸಂಗೀತದ ಹೊಸ ಪೋಷಕರಾಗತೊಡಗಿದ್ದರು. ಅಂಥ ಪೋಷಕರಲ್ಲಿ ಮೈಸೂರಿನ ಮುಖ್ಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ನರಹರಿರಾಯರು ಒಬ್ಬರು. ಹೆಚ್ಚಿನ ಅವಕಾಶಗಳಿರುವ ಮದರಾಸಿಗೆ ಹೋಗುವಂತೆ ನಾಗರತ್ನಮ್ಮನವರಿಗೆ ಸಲಹೆ ನೀಡಿದವರು ಇವರೇ ಎಂದು ಜೀವನ ಚರಿತ್ರೆಗಳು ತಿಳಿಸುತ್ತವೆ. ಅರಮನೆಯ ಪೋಷಣೆಯಿಂದ ನಗರದ ಪೋಷಣೆಯ ಕಡೆಗೆ ಸಂಗೀತ ಹೊರಳುತ್ತಿದ್ದ ಆ ಕಾಲದ ಚಲನೆ ಈ ಒಂದು ಪ್ರಯಾಣದಲ್ಲಿ ಅಡಕವಾಗಿದೆ.

3

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನಾಗರತ್ನಮ್ಮನವರು ಮದರಾಸಿನಲ್ಲಿ ನೆಲೆಸಿದರು. ಸೇಂಟ್ ಜಾರ್ಜ್ ಕೋಟೆಯ ಹೊರಗೆ ಬೆಳೆದ ದೇಶೀಯರ ಬಡಾವಣೆಯನ್ನು ಇಂಗ್ಲಿಷರು ಕಪ್ಪುಪಟ್ಟಣವೆಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ವೇಲ್ಸಿನ ರಾಜಕುಮಾರನ ಭೇಟಿಯ ನೆನಪಿಗಾಗಿ 1906ರಲ್ಲಿ ಅದು ಜಾರ್ಜ್ ಟೌನ್ ಆಯಿತು. ವರ್ತಕರ ಮಂಡಿಗಳು, ದೇವಾಲಯಗಳು, ಅಚ್ಚುಕೂಟಗಳು, ವಕೀಲರ ಮನೆಗಳು ಒತ್ತಾಗಿದ್ದ ಆ ಕೇರಿಗಳಲ್ಲಿಯೇ ದೇವದಾಸಿ ಮನೆತನಗಳೂ ಇದ್ದವು. ವೀಣೆ ಧನಮ್ಮಾಳ್ ಅವರ ಮನೆ ಇದ್ದದ್ದು ಅಲ್ಲಿನ ರಾಮಕೃಷ್ಣ ಬೀದಿಯಲ್ಲಿ. ಅವರ ಶುಕ್ರವಾರದ ಸಂಜೆಯ ವಾದನಕ್ಕೆ ಹಿರಿಯ ವಿದ್ವಾಂಸರು ಬಂದು ಕುಳಿತು ಕೇಳುತ್ತಿದ್ದರು.

ಈ ನಗರ ಕಲಾವಿದೆಯರಿಗೆ ಹೊಸ ವೇದಿಕೆಗಳನ್ನು ತೆರೆಯಿತು. ದೇವಾಲಯದ ಸೇವೆ ಮತ್ತು ಶ್ರೀಮಂತರ ಮನೆಯ ಮದುವೆಗಳ ಜೊತೆಗೆ ಸಂಗೀತ ಸಭೆಗಳು ಹುಟ್ಟಿಕೊಂಡವು. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಸ್ವಾಮಿ ಸಭೆ 1900ರಷ್ಟು ಹಳೆಯದು. ಗ್ರಾಮಫೋನ್ ಬಂದಿತು. ಪುರುಷ ವಿದ್ವಾಂಸರಲ್ಲಿ ಅನೇಕರು ಯಂತ್ರದ ಮುಂದೆ ಹಾಡಲು ಹಿಂಜರಿಯುತ್ತಿದ್ದಾಗ ಸೇಲಂ ಗೋದಾವರಿ, ಕೊಯಮತ್ತೂರು ತಾಯಿ ಮುಂತಾದ ಗಾಯಕಿಯರ ದನಿಗಳು ತಟ್ಟೆಗಳ ಮೂಲಕ ಮನೆ ಮನೆಯನ್ನು ತಲುಪಿದವು. ನಾಗರತ್ನಮ್ಮನವರ ದನಿಯೂ ಹೀಗೆ ಮುದ್ರಿತವಾಯಿತು.

ಈ ಹೆಸರುಗಳ ರಚನೆಯನ್ನು ಗಮನಿಸಬೇಕು. ಗೌರವಸ್ಥ ಸಮಾಜದಲ್ಲಿ ವ್ಯಕ್ತಿಯ ಹೆಸರಿನ ಹಿಂದೆ ತಂದೆಯ ಹೆಸರೋ ಗಂಡನ ಹೆಸರೋ ನಿಲ್ಲುತ್ತದೆ. ಊರಿನ ಹೆಸರನ್ನು ಹೊತ್ತ ಪುರುಷ ವಿದ್ವಾಂಸರಿಗೂ ಮನೆತನದ ಗುರುತು ಬೇರೆಯಾಗಿ ಇದ್ದೇ ಇರುತ್ತಿತ್ತು. ಈ ಹೆಣ್ಣುಮಕ್ಕಳ ಹೆಸರಿನ ಹಿಂದೆ ನಿಂತದ್ದು ಊರು ಮಾತ್ರ. ತಂದೆ ತೊರೆದ, ಹುಟ್ಟೂರನ್ನು ಬಿಟ್ಟ ಹುಡುಗಿ ತಾನು ಬೆಳೆದ ನಗರವನ್ನೇ ಹೆಸರಿನ ಮೊದಲ ಪದವಾಗಿಸಿಕೊಂಡರು. ಮದರಾಸಿನಲ್ಲಿ ಅರ್ಧ ಶತಮಾನದ ಸಂಬಂಧವಿದ್ದೂ ಅವರು ಕೊನೆಯವರೆಗೆ ಬೆಂಗಳೂರು ನಾಗರತ್ನಮ್ಮನಾಗಿಯೇ ಉಳಿದರು. ಪ್ರಕಟಿಸಿದ ಪುಸ್ತಕದ ಮೇಲೂ ಆಸ್ತಿಯ ಪತ್ರದ ಮೇಲೂ ಇದೇ ಹೆಸರು. ಅದಕ್ಕೆ ವಿದ್ಯಾಸುಂದರಿ ಎಂಬ ಬಿರುದು ಸೇರಿಕೊಂಡಿತು.

ಕಛೇರಿಗಳಿಂದ ಬಂದ ಹಣದಿಂದ ಅವರು ಮನೆ, ಆಭರಣ, ಆಸ್ತಿಗಳನ್ನು ಗಳಿಸಿದರು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೆಂಬ ಪ್ರತೀತಿ ಇದೆ. ಹೆಣ್ಣಿನ ಆಸ್ತಿಯ ಹಕ್ಕು ಬಹುಪಾಲು ಸ್ತ್ರೀಧನಕ್ಕೆ ಸೀಮಿತವಾಗಿದ್ದ ಕಾಲದಲ್ಲಿ, ಸ್ವಂತ ಗಳಿಕೆಯ ಲೆಕ್ಕವನ್ನು ಸ್ವಂತ ಹೆಸರಿನಲ್ಲಿ ಸರ್ಕಾರಕ್ಕೆ ಒಪ್ಪಿಸಬಲ್ಲ ಹೆಣ್ಣು ಎಂಬುದೇ ಈ ಪ್ರತೀತಿಯ ತಿರುಳು.

4

ಇದೇ ನಗರದ ಇನ್ನೊಂದು ಕೊಡುಗೆ ಮುದ್ರಣ. ನಾಗರತ್ನಮ್ಮನವರು ತೆಲುಗು ಕಾವ್ಯಗಳ ಆಸಕ್ತ ಓದುಗರಾಗಿದ್ದರು. ತಂಜಾವೂರಿನ ಸಾಹಿತ್ಯವನ್ನು ಕುರಿತ ಓದಿನಲ್ಲಿ ಅವರಿಗೆ ಮುದ್ದುಪಳನಿಯ ಹೆಸರು ಎದುರಾಯಿತು. ಮುದ್ದುಪಳನಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ (ಆಳ್ವಿಕೆ 1739-1763) ಆಸ್ಥಾನದ ಕವಯಿತ್ರಿ, ಸ್ವತಃ ಗಣಿಕಾಕುಲದವಳು. ಆಕೆಯ 'ರಾಧಿಕಾ ಸಾಂತ್ವನಮು' ನಾಲ್ಕು ಆಶ್ವಾಸಗಳ ಶೃಂಗಾರ ಪ್ರಬಂಧ. ತಾನು ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸಿದ ರಾಧೆ, ಆಮೇಲೆ ವಿರಹದಿಂದ ಬೇಯುವುದೂ ಕೋಪಗೊಂಡ ಆಕೆಯನ್ನು ಕೃಷ್ಣ ಸಂತೈಸುವುದೂ ಇದರ ವಸ್ತು. ಪ್ರಬಂಧ ಪರಂಪರೆಯಲ್ಲಿ ಹೆಣ್ಣು ವರ್ಣನೆಯ ವಿಷಯ. ಇಲ್ಲಿ ಆಕೆ ಬಯಸುವವಳು, ಕೇಳುವವಳು, ಕೋಪಿಸಿಕೊಳ್ಳುವವಳು. ಕಾವ್ಯದ ಪೀಠಿಕೆಯಲ್ಲಿ ಮುದ್ದುಪಳನಿ ತನ್ನ ವಂಶವನ್ನು ಹೆಂಗಸರ ಕಡೆಯಿಂದ ಹೇಳಿಕೊಳ್ಳುತ್ತಾಳೆ. ತನ್ನ ರೂಪವನ್ನೂ ಪಾಂಡಿತ್ಯವನ್ನೂ ತನಗೆ ದೊರೆತ ಮನ್ನಣೆಯನ್ನೂ ಸಂಕೋಚವಿಲ್ಲದೆ ಬಣ್ಣಿಸಿಕೊಳ್ಳುತ್ತಾಳೆ.

ಈ ಕಾವ್ಯ ಅದಕ್ಕೆ ಮೊದಲೇ ಅಚ್ಚಾಗಿತ್ತು. 1887ರಲ್ಲಿ ವೆಂಕಟನರಸು ಎಂಬ ವಿದ್ವಾಂಸರು ಸಿದ್ಧಪಡಿಸಿದ ಆವೃತ್ತಿ ಬಂದಿತ್ತು. ನಾಗರತ್ನಮ್ಮನವರು ಓಲೆಯ ಪ್ರತಿಯೊಂದಿಗೆ ಅದನ್ನು ಹೋಲಿಸಿದಾಗ ಹಲವು ಪದ್ಯಗಳು ಬಿಟ್ಟುಹೋಗಿರುವುದು ತಿಳಿಯಿತು. ಬಿಡಲಾದ ಭಾಗಗಳಲ್ಲಿ ಕವಯಿತ್ರಿಯ ಸ್ವಪರಿಚಯವೂ ಸೇರಿತ್ತು. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಗಂಭೀರವಾದ ವಿಷಯ. ಶೃಂಗಾರದ ಪದ್ಯಗಳನ್ನು ಬಿಟ್ಟದ್ದಕ್ಕೆ ಮಡಿವಂತಿಕೆಯ ಕಾರಣವನ್ನು ಹೇಳಬಹುದು. ಕರ್ತೃವಿನ ವಂಶವರ್ಣನೆಯನ್ನು ಬಿಟ್ಟದ್ದಕ್ಕೆ ಆ ಕಾರಣವೂ ಸಾಲದು. ಆ ಪದ್ಯಗಳಿಲ್ಲದೆ ಕಾವ್ಯ ಉಳಿಯುತ್ತದೆ, ಅದನ್ನು ಬರೆದ ಹೆಣ್ಣು ಉಳಿಯುವುದಿಲ್ಲ. ನಾಗರತ್ನಮ್ಮನವರು ಬಿಟ್ಟುಹೋದುದನ್ನು ಸೇರಿಸಿ, ಪಾಠವನ್ನು ಪರಿಷ್ಕರಿಸಿ, ಪೀಠಿಕೆ ಬರೆದರು. ಮದರಾಸಿನ ಪ್ರತಿಷ್ಠಿತ ಪ್ರಕಾಶನ ಸಂಸ್ಥೆಯಾದ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ 1910ರಲ್ಲಿ ಅದನ್ನು ಹೊರತಂದಿತು.

ಪೀಠಿಕೆ ಒಂದು ವಾದವೂ ಆಗಿತ್ತು. ಆಂಧ್ರದ ಹಿರಿಯ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯ ಭಾಷಾಪ್ರೌಢಿಮೆಯನ್ನು ಒಪ್ಪಿದರೂ, ಹೆಣ್ಣಿನ ಬಾಯಲ್ಲಿ ಬರಬಾರದ, ಹೆಣ್ಣು ಕೇಳಲೂ ಬಾರದ ಸಂಗತಿಗಳು ಈ ಕಾವ್ಯದಲ್ಲಿವೆಯೆಂದು ಕಟುವಾಗಿ ಟೀಕಿಸಿದ್ದರು. ಕವಯಿತ್ರಿಯ ಕುಲವನ್ನೂ ಎತ್ತಿ ಆಡಿದ್ದರು. ವೀರೇಶಲಿಂಗಂ ಸಾಮಾನ್ಯ ವ್ಯಕ್ತಿಯಲ್ಲ. 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹವನ್ನು ನೆರವೇರಿಸಿದ, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಹೋರಾಡಿದ ಧೀರ. ಅಂಥವರಿಗೆ ನಾಗರತ್ನಮ್ಮನವರು ಪೀಠಿಕೆಯಲ್ಲಿ ನೇರವಾಗಿ ಉತ್ತರ ಕೊಟ್ಟರು. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರ ಸಹಜವಾದುದೇ, ಗಂಡಸರಿಗೆ ಅದು ಅನ್ವಯಿಸುವುದಿಲ್ಲವೇ ಎಂಬುದು ಅವರ ಪ್ರಶ್ನೆಯ ಸಾರ. ಗಣಿಕೆ ಬರೆದಳೆಂಬ ಕಾರಣಕ್ಕೆ ಕಾವ್ಯ ನಿಂದ್ಯವಾದರೆ, ಅದಕ್ಕಿಂತ ಬಿಚ್ಚುಮಾತಿನ ಪುರುಷರ ಕೃತಿಗಳನ್ನು ಈ ಹಿರಿಯರೇ ಒಪ್ಪಿ ಮನ್ನಿಸಿದ್ದು ಹೇಗೆ ಎಂದು ಅವರು ಕೇಳಿದರು.

ಈ ವಾದವನ್ನು ಅದರ ಕಾಲದಲ್ಲಿಟ್ಟು ನೋಡಬೇಕು. ಅದು ದ್ರಾವಿಡ ಭಾಷೆಗಳಲ್ಲಿ ಕವಿಚರಿತ್ರೆಗಳು ರಚನೆಯಾಗುತ್ತಿದ್ದ ಕಾಲ. ಕನ್ನಡದಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ಯಾರು ಕವಿ, ಯಾವುದು ಓದತಕ್ಕ ಕಾವ್ಯ ಎಂಬುದನ್ನು ಹೊಸ ವಿದ್ಯಾವಂತ ಸಮಾಜ ಆಗ ತೀರ್ಮಾನಿಸುತ್ತಿತ್ತು. ನಮ್ಮ ಸಂಚಿ ಹೊನ್ನಮ್ಮನ ಉದಾಹರಣೆ ಇಲ್ಲಿ ಉಪಯುಕ್ತ. ಅವಳೂ ಅರಮನೆಯ ಆಶ್ರಯದ ಹೆಣ್ಣು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದವಳು. ಆ ಕಾವ್ಯದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವವರ ವಿರುದ್ಧ ದಿಟ್ಟವಾದ ಮಾತುಗಳಿದ್ದರೂ ಅದರ ಚೌಕಟ್ಟು ಪತಿವ್ರತಾ ಧರ್ಮ. ಹೊಸ ಪಠ್ಯಕ್ರಮಕ್ಕೆ ಹೊನ್ನಮ್ಮ ಸುಲಭವಾಗಿ ಒಗ್ಗಿದಳು. ಮುದ್ದುಪಳನಿ ಒಗ್ಗಲಿಲ್ಲ. ಇಬ್ಬರನ್ನೂ ಒಟ್ಟಿಗೆ ಓದಿದಾಗ ಆಧುನಿಕ ಸಾಹಿತ್ಯ ಚರಿತ್ರೆ ಯಾವ ಬಗೆಯ ಹೆಣ್ಣುದನಿಗೆ ಜಾಗ ಮಾಡಿಕೊಟ್ಟಿತು, ಯಾವುದಕ್ಕೆ ಇಲ್ಲ ಎಂಬುದು ಸ್ಪಷ್ಟವಾಗುತ್ತದೆ.

5

ಪುಸ್ತಕ ಹೊರಬಂದ ಮರುವರ್ಷ, 1911ರಲ್ಲಿ, ಅಶ್ಲೀಲತೆಯ ಆರೋಪದ ಮೇಲೆ ಸರ್ಕಾರ ಕ್ರಮ ಕೈಗೊಂಡಿತು. ಮದರಾಸಿನ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಪ್ರಕಾಶಕರೂ ಅವರ ಪರವಾಗಿ ನಿಂತ ಪಂಡಿತರೂ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಶೃಂಗಾರವು ಕಾವ್ಯಮೀಮಾಂಸೆ ಒಪ್ಪಿದ ರಸ, ಈ ಕೃತಿ ಆ ಪರಂಪರೆಗೆ ಸೇರಿದ್ದು ಎಂಬ ಪಂಡಿತರ ವಾದ ಅಧಿಕಾರಿಗಳಿಗೆ ರುಚಿಸಲಿಲ್ಲ. ನಿಷೇಧ ಉಳಿಯಿತು.

ವಸಾಹತು ಆಡಳಿತವೊಂದೇ ಈ ನಿಷೇಧಕ್ಕೆ ಕಾರಣವೆಂದು ಹೇಳಿ ಮುಗಿಸುವುದು ಸರಿಯಲ್ಲ. ಇಂಗ್ಲಿಷ್ ಅಧಿಕಾರಿಗೆ ತೆಲುಗು ಪ್ರಬಂಧ ನೇರವಾಗಿ ಅರ್ಥವಾಗುತ್ತಿರಲಿಲ್ಲ. ಆಕ್ಷೇಪಾರ್ಹವೆಂದು ಪದ್ಯಗಳನ್ನು ಹೆಕ್ಕಿ ಅನುವಾದಿಸಿ ಕೊಡುವ ಕೆಲಸ ದೇಶೀಯ ವಿದ್ಯಾವಂತರದೇ ಆಗಿತ್ತು. ರಸ, ಔಚಿತ್ಯಗಳ ನೆಲೆಯಲ್ಲಿ ಓದಬೇಕಾದ ಪದ್ಯ ಕಡತದ ಅನುವಾದದಲ್ಲಿ ಅಪರಾಧದ ಸಾಕ್ಷ್ಯವಾಗುತ್ತದೆ. ವಿಕ್ಟೋರಿಯನ್ ನೀತಿಗೂ ದೇಶೀಯ ಮಧ್ಯಮವರ್ಗದ ಸುಧಾರಣೆಯ ಉತ್ಸಾಹಕ್ಕೂ ಈ ಒಂದು ವಿಷಯದಲ್ಲಿ ಭೇದವಿರಲಿಲ್ಲ. ಪುರುಷ ಕವಿಗಳ ಶೃಂಗಾರ ಪ್ರಬಂಧಗಳೂ ಆಗ ಟೀಕೆಗೆ, ಕೆಲವೊಮ್ಮೆ ಕಾನೂನಿನ ಕ್ರಮಕ್ಕೆ ಗುರಿಯಾದದ್ದುಂಟು. ಆದರೆ ಇಲ್ಲಿ ಟೀಕೆಗೆ ಕೃತಿಯ ಜೊತೆಗೆ ಬರೆದವಳ ಕುಲವೂ ಪ್ರಕಟಿಸಿದವರ ಕುಲವೂ ಆಧಾರವಾದವು.

ಅದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಘಟನೆ ನಡೆದಿತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಕ್ರಮಕ್ಕೆ ಸಂಬಂಧಿಸಿದ ವಿವಾದದಲ್ಲಿ ಮುಖ್ಯವಾಗಿ ಕೇಳಿಬರುವುದು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದಾಸಿಯರ ಹೆಸರು. ತಲೆಮಾರುಗಳಿಂದ ಬಂದ ಸೇವೆಯನ್ನೂ ಅದರ ಸಂಬಳವನ್ನೂ ಕಳೆದುಕೊಂಡ ಅವರು ಸರ್ಕಾರಕ್ಕೆ ಅಹವಾಲು ಹೇಳಿಕೊಂಡರು, ಫಲ ದೊರೆಯಲಿಲ್ಲ. ನಾಗರತ್ನಮ್ಮನವರು ಹುಟ್ಟಿದ್ದು ಅದೇ ಊರಿನಲ್ಲಿ. ತಾಯಿ ಊರು ಬಿಡದೆ ಅಲ್ಲಿಯೇ ಉಳಿದಿದ್ದರೆ, ಮಗಳ ಬದುಕು ಆ ಮನವಿಗಳ ಸಾಲಿನಲ್ಲಿ ಒಂದು ಸಹಿಯಾಗಿಯೋ ಹೆಬ್ಬೆಟ್ಟಿನ ಗುರುತಾಗಿಯೋ ಮುಗಿಯುತ್ತಿತ್ತೇನೋ. ಪ್ರಸಿದ್ಧರಿಗೂ ಸಾಮಾನ್ಯರಿಗೂ ನಡುವೆ ಇದ್ದ ಅಂತರ ಇಷ್ಟೇ: ಒಬ್ಬರಿಗೆ ನಗರದ ಸಭೆ, ಅಚ್ಚುಕೂಟ, ಧ್ವನಿಮುದ್ರಣ ದೊರೆತವು, ಉಳಿದವರಿಗೆ ದೇವಾಲಯದ ಸಂಬಳವನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

6

ಪುಸ್ತಕದ ಸೋಲಿನ ಒಂದು ದಶಕದ ನಂತರ ತಿರುವೈಯಾರು ಅವರ ಬದುಕಿನಲ್ಲಿ ಬರುತ್ತದೆ. ತ್ಯಾಗರಾಜರು 1847ರಲ್ಲಿ ಸಿದ್ಧಿ ಹೊಂದಿದ ಮೇಲೆ ಕಾವೇರಿಯ ದಂಡೆಯ ಅವರ ಸಮಾಧಿ ಕಾಲಕ್ರಮದಲ್ಲಿ ಅಲಕ್ಷ್ಯಕ್ಕೆ ಒಳಗಾಗಿತ್ತು. 1903ರ ಸುಮಾರಿಗೆ ಉಮಯಾಳ್‌ಪುರದ ಶಿಷ್ಯರು ಅದನ್ನು ಗುರುತಿಸಿ ದುರಸ್ತಿ ಮಾಡಿದ್ದರು. ವರ್ಷಾವಧಿಯ ಆರಾಧನೆಯೂ ಆರಂಭವಾಗಿತ್ತು. ಆದರೆ ನಡೆಸುವವರಲ್ಲಿ ಒಡಕು ಹುಟ್ಟಿ, ದೊಡ್ಡ ಕಕ್ಷಿ, ಚಿಕ್ಕ ಕಕ್ಷಿ ಎಂಬ ಎರಡು ಬಣಗಳಾಗಿದ್ದವು. ಸಮಾಧಿಯ ಸ್ಥಳ ಮತ್ತೆ ಹಾಳುಬಿದ್ದಿತ್ತು. ಆ ದುಃಸ್ಥಿತಿಯ ವಿಷಯವನ್ನು ನಾಗರತ್ನಮ್ಮನವರ ಗಮನಕ್ಕೆ ತಂದವರು ಮೈಸೂರಿನ ಹಿರಿಯ ಗಾಯಕ ಬಿಡಾರಂ ಕೃಷ್ಣಪ್ಪನವರು. ತ್ಯಾಗರಾಜ ಪರಂಪರೆಯ ಶಿಷ್ಯೆಗೆ ಅದು ಕರ್ತವ್ಯದ ಕರೆಯಾಯಿತು.

ಅವರು ತಿರುವೈಯಾರಿಗೆ ಹೋದರು, ಸಮಾಧಿಯ ಸುತ್ತಣ ಜಾಗವನ್ನು ಪಡೆದರು, ತಮ್ಮ ಆಭರಣ ಆಸ್ತಿಗಳನ್ನು ಮಾರಿ ಹಣ ಕೂಡಿಸಿದರು. 1921ರಲ್ಲಿ ಗುಡಿಯ ಕೆಲಸ ಮೊದಲಾಗಿ ಐದು ವರ್ಷಗಳೊಳಗೆ ತ್ಯಾಗರಾಜರ ವಿಗ್ರಹ ಪ್ರತಿಷ್ಠೆಗೊಂಡಿತು. ನಿತ್ಯಪೂಜೆಗೆ ವ್ಯವಸ್ಥೆಯಾಯಿತು.

ಇಷ್ಟಾದರೂ ಆರಾಧನೆಯ ದಿನ ಸಮಾಧಿಯ ಎದುರು ಹಾಡುವ ಅವಕಾಶ ಹೆಂಗಸರಿಗೆ ಇರಲಿಲ್ಲ. ಗುಡಿ ಕಟ್ಟಿಸಿದವರಿಗೇ ಆ ಗುಡಿಯ ಉತ್ಸವದಲ್ಲಿ ದನಿ ಇಲ್ಲ. ಪುಸ್ತಕದ ಪ್ರಕರಣದಲ್ಲಿ ಎದುರಾಗಿದ್ದ ತರ್ಕವೇ ಇಲ್ಲಿಯೂ ಎದುರಾಯಿತು. ಹೆಣ್ಣಿನ ಹಣ ಬೇಕು, ದನಿ ಬೇಡ. ನಾಗರತ್ನಮ್ಮನವರು ಗೊಣಗುತ್ತ ಕೂರಲಿಲ್ಲ. 1920ರ ದಶಕದ ಉತ್ತರಾರ್ಧದಲ್ಲಿ ಅವರು ಹೆಂಗಸರದೇ ಆದ ಮೂರನೆಯ ಕಕ್ಷಿಯನ್ನು ಕಟ್ಟಿದರು. ಅದೇ ದಿನಗಳಲ್ಲಿ ಗುಡಿಯ ಹಿಂಭಾಗದಲ್ಲಿ ಗಾಯಕಿಯರು ಹಾಡಿದರು, ಹರಿಕಥೆ ಮಾಡಿದರು. ದಕ್ಷಿಣದ ನಾನಾ ಊರುಗಳಿಂದ ಬಂದ ದೇವದಾಸಿ ಮನೆತನದ ಕಲಾವಿದೆಯರು ಅದರಲ್ಲಿ ಪಾಲುಗೊಂಡರು. 1940ರ ಸುಮಾರಿಗೆ ಕಕ್ಷಿಗಳು ಒಂದಾಗಿ ಸಂಯುಕ್ತ ಆರಾಧನೆ ರೂಪುಗೊಂಡಾಗ ಹೆಂಗಸರ ಹಾಡಿಗೂ ಅದರಲ್ಲಿ ಸ್ಥಾನ ದೊರೆಯಿತು.

ಹೀಗೆ ನೋಡಿದಾಗ 1910ರ ಪುಸ್ತಕಕ್ಕೂ ತಿರುವೈಯಾರಿನ ಗುಡಿಗೂ ಇರುವ ನಂಟು ಸ್ಪಷ್ಟವಾಗುತ್ತದೆ. ಒಂದರಲ್ಲಿ ಕವಯಿತ್ರಿಯೊಬ್ಬಳ ಅಳಿಸಿದ ಪದ್ಯಗಳನ್ನು ಮರಳಿ ಸೇರಿಸಿದರು. ಇನ್ನೊಂದರಲ್ಲಿ ಹೊರಗಿಟ್ಟ ಗಾಯಕಿಯರನ್ನು ಮರಳಿ ಸೇರಿಸಿದರು. ಎರಡೂ ಪಾಠಪರಿಷ್ಕರಣದ ಕೆಲಸಗಳೇ.

7

ನಾಗರತ್ನಮ್ಮನವರ ನಿಲುವುಗಳಲ್ಲಿ ಹೆಚ್ಚು ಚರ್ಚೆಗೆ ಆಸ್ಪದ ಕೊಡುವುದು ದೇವದಾಸಿ ನಿರ್ಮೂಲನದ ಪ್ರಶ್ನೆ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸು ಶಾಸನ ಪರಿಷತ್ತಿನಲ್ಲಿ ಈ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದರು. ಅದನ್ನು ವಿರೋಧಿಸಿ ಮದರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಮನವಿಗಳನ್ನು ಸಲ್ಲಿಸಿದರು. ಆ ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ನಾಗರತ್ನಮ್ಮನವರೂ ಒಬ್ಬರು. ತಮ್ಮದು ವಿದ್ಯೆಯ ಕುಲ, ತಮ್ಮಲ್ಲಿ ಹೆಣ್ಣಿಗೆ ಆಸ್ತಿಯ ಹಕ್ಕಿದೆ, ಕೆಲವರ ದುರ್ವರ್ತನೆಗಾಗಿ ಇಡೀ ಸಮುದಾಯವನ್ನು ಕಳಂಕಿತವೆಂದು ಸಾರಬಾರದು, ತಮ್ಮ ಬಗ್ಗೆ ಕಾನೂನು ಮಾಡುವಾಗ ತಮ್ಮನ್ನು ಕೇಳಬೇಕು ಎಂಬುದು ಅವರ ವಾದದ ಮುಖ್ಯಾಂಶ.

ಇಲ್ಲಿ ಒಂದು ಪಕ್ಷವನ್ನು ಪ್ರಗತಿಪರವೆಂದೂ ಇನ್ನೊಂದನ್ನು ಸಂಪ್ರದಾಯಬದ್ಧವೆಂದೂ ವಿಭಜಿಸುವುದು ಸುಲಭ. ಆದರೆ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ಚಂದ್ರಮ್ಮಾಳ್ ಸಹ ಅದೇ ಸಮುದಾಯದಿಂದ ಬಂದವರು. ಇನ್ನೂ ಬುದ್ಧಿ ಬಲಿಯದ ಬಾಲಕಿಯರ ಬದುಕು ಅವರ ಒಪ್ಪಿಗೆಯಿಲ್ಲದೆ ತೀರ್ಮಾನವಾಗುವುದನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಆ ಬಾಲಕಿಯರ ಪರವಾಗಿ ಯೋಚಿಸಿದರೆ ಕಾನೂನಿನ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ನಾಗರತ್ನಮ್ಮನವರ ವಾದದಲ್ಲಿ ಈ ಬಾಲಕಿಗೆ ಸಾಕಷ್ಟು ಜಾಗವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅವರೇ ಒಮ್ಮೆ ಅಂಥ ಬಾಲಕಿಯಾಗಿದ್ದರು ಎಂಬುದು ಈ ಕೊರತೆಯನ್ನು ಇನ್ನಷ್ಟು ಎದ್ದುಕಾಣಿಸುತ್ತದೆ. ಇನ್ನೊಂದು ಕಡೆ, ಸುಧಾರಣೆಯ ಸಂಕಥನದಲ್ಲಿ ವಯಸ್ಕ ಕಲಾವಿದೆಗೆ ಜಾಗವಿರಲಿಲ್ಲ. ಅವಳ ಗಳಿಕೆ, ಪಾಂಡಿತ್ಯ, ವೇದಿಕೆಗಳ ಗತಿಯೇನು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. 1928ರಲ್ಲಿ ಸ್ಥಾಪನೆಯಾದ ಮದರಾಸು ಸಂಗೀತ ಅಕಾಡೆಮಿಯ ಕಾಲದಿಂದ ಸಂಗೀತ ನೃತ್ಯಗಳು ಕುಲೀನರ ಮನೆಗಳನ್ನು ಪ್ರವೇಶಿಸಿದವು. ಅವುಗಳನ್ನು ಅಲ್ಲಿಯವರೆಗೆ ಕಾಪಾಡಿಕೊಂಡು ಬಂದ ಮನೆಗಳಲ್ಲಿ ಬಹಳಷ್ಟು ಹಿನ್ನೆಲೆಗೆ ಸರಿದವು. ಇಬ್ಬರು ಹೆಣ್ಣುಮಕ್ಕಳ ಈ ಭಿನ್ನಾಭಿಪ್ರಾಯದಲ್ಲಿ ಇಬ್ಬರೂ ಕಂಡದ್ದು ನಿಜ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಾಣಲಿಲ್ಲ.

ಕಾಲ ಈ ಎರಡು ಎಳೆಗಳನ್ನು ಒಂದೇ ವರ್ಷದಲ್ಲಿ ತಂದು ಕೂಡಿಸಿತು. ಟಂಗುಟೂರಿ ಪ್ರಕಾಶಂ ಅವರ ಆಸಕ್ತಿಯಿಂದ 1947ರಲ್ಲಿ 'ರಾಧಿಕಾ ಸಾಂತ್ವನಮು' ಕಾವ್ಯದ ಮೇಲಿನ ನಿಷೇಧ ರದ್ದಾಯಿತು. ಅದೇ 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ತಡೆಯುವ ಶಾಸನ ಮದರಾಸು ಪ್ರಾಂತದಲ್ಲಿ ಅಂಗೀಕಾರವಾಯಿತು. ಗಣಿಕೆ ಬರೆದ, ಗಣಿಕಾಕುಲದ ವಿದುಷಿ ಸಂಪಾದಿಸಿದ ಕಾವ್ಯಕ್ಕೆ ಬಿಡುಗಡೆ ದೊರೆತ ವರ್ಷದಲ್ಲಿಯೇ ಆ ಕುಲದ ಸಾಂಸ್ಥಿಕ ಬದುಕಿಗೆ ಕಾನೂನು ಕೊನೆ ಹಾಡಿತು. ಸ್ವಾತಂತ್ರ್ಯದ ವರ್ಷದ ಈ ಎರಡು ನಿರ್ಧಾರಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದದೆ ನಾಗರತ್ನಮ್ಮನವರ ಬದುಕಿನ ಅರ್ಥ ಪೂರ್ತಿಯಾಗುವುದಿಲ್ಲ.

8

ಕೊನೆಯ ವರ್ಷಗಳನ್ನು ನಾಗರತ್ನಮ್ಮನವರು ತಿರುವೈಯಾರಿನಲ್ಲಿಯೇ ಕಳೆದರು. ತಮ್ಮ ಆಸ್ತಿಯನ್ನು ತ್ಯಾಗರಾಜರ ಸನ್ನಿಧಿಯ ಸೇವೆಗಾಗಿ ಮೀಸಲಿಟ್ಟು ಉಯಿಲು ಬರೆದರು. ಆ ಸನ್ನಿಧಿಯಲ್ಲಿ ಹೆಂಗಸರಿಗೆ ಕಲಾಸೇವೆಯ ಅವಕಾಶವನ್ನು ನಿರಾಕರಿಸಬಾರದು ಎಂಬ ಷರತ್ತನ್ನು ಅದರಲ್ಲಿ ಸೇರಿಸಲು ಮರೆಯಲಿಲ್ಲ. 1952ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅದೇ ವರ್ಷ ವಾವಿಳ್ಳ ಸಂಸ್ಥೆ ಆ ಕಾವ್ಯವನ್ನು ಮತ್ತೆ ಅಚ್ಚುಮಾಡಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಗುಡಿಗೆ ಎದುರಾಗಿ, ಕೈಮುಗಿದು ಕುಳಿತ ಭಂಗಿಯಲ್ಲಿ ಅವರ ಪ್ರತಿಮೆ ಇದೆ.

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಾಗರತ್ನಮ್ಮನವರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಅವರು ಸಂಪಾದಿಸಿದ್ದು ತೆಲುಗು ಕಾವ್ಯವಾದ್ದರಿಂದ ಅವರು ತೆಲುಗಿಗೆ ಸೇರಿದವರು. ಬದುಕಿದ್ದು ಮದರಾಸಿನಲ್ಲಾದ್ದರಿಂದ ತಮಿಳುನಾಡಿಗೆ ಸೇರಿದವರು. ಹಾಡುಗಾರ್ತಿಯಾದ್ದರಿಂದ ಸಂಗೀತಕ್ಕೆ ಸೇರಿದವರು ಎಂಬ ವಿಂಗಡಣೆಯಲ್ಲಿ ಅವರು ನಮ್ಮ ಕೈತಪ್ಪಿದ್ದಾರೆ. ಭಾಷೆಗಳ ಗಡಿಗಳು ಈಗಿನಷ್ಟು ಗಟ್ಟಿಯಾಗಿರದಿದ್ದ ಕಾಲದ ವಿದ್ವತ್ತನ್ನು ನಾವು ರಾಜ್ಯಗಳ ಗಡಿಗಳಿಂದ ಅಳೆಯುತ್ತಿರುವುದರ ಫಲ ಇದು. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಕಲಿತು, ಮದರಾಸಿನಲ್ಲಿ ಹಸ್ತಪ್ರತಿಯನ್ನು ಹೋಲಿಸಿ ಗ್ರಂಥಸಂಪಾದನೆ ಮಾಡಿದ ಈ ವಿದುಷಿಗೆ ಕನ್ನಡ ನಾಡಿನ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಒಂದು ಪುಟ ಸಲ್ಲಬೇಕು. 1909ರ ಆಜ್ಞೆಯ ಎದುರು ಮನವಿ ಹಿಡಿದು ನಿಂತ ನಂಜನಗೂಡಿನ ದಾಸಿಯರನ್ನು ಕುರಿತೂ ನಮ್ಮಲ್ಲಿ ವಿಸ್ತಾರವಾದ ಅಧ್ಯಯನ ನಡೆಯಬೇಕಾಗಿದೆ. ತಮ್ಮ ಊರಿನ ಮಗಳೊಬ್ಬಳು ಇನ್ನೊಂದು ನಗರದಲ್ಲಿ ಅಚ್ಚಿನ ಮೂಲಕ ಕೇಳಿದ ಪ್ರಶ್ನೆಯನ್ನೇ ಅವರು ಅರ್ಜಿಗಳ ಮೂಲಕ ಕೇಳಿದ್ದರು. ಅವಳ ಪುಸ್ತಕ ಮರಳಿ ಬಂದಿತು. ಅವರ ಅರ್ಜಿಗಳು ಕಡತದಲ್ಲಿಯೇ ಉಳಿದವು.